ಜವುಗು ಸಂಸ್ಥೆಯ ಆರನೆಯ ಕುರ್ಚಿ

2019ರ ನವೆಂಬರ್ 12, ಮಂಗಳವಾರ, ಬೆಳಗ್ಗೆ ಐದು ಗಂಟೆ ನಲವತ್ತು ನಿಮಿಷಕ್ಕೆ, ರೋಸ್ಟೋಕ್ ನಗರದ ಒಂದು ಮೂರನೇ ಮಹಡಿಯ ಮನೆಯಲ್ಲಿ ಡಾಕ್ಟರ್ ಎಕಾರ್ಟ್ ಪ್ರೀಬುಸ್ ಪಕ್ಕದ ಮನೆಯವರ ಪ್ಯಾಂಟಿನೊಳಗೆ ಬಲಗಾಲು ತೂರಿಸಿದ.

ಪ್ಯಾಂಟು ಕಡು ಹಸಿರು ಉಣ್ಣೆಯದು. ಅದರ ಜೋಡಿಯ ಕೋಟಿಗೆ ಜಿಂಕೆ ಕೊಂಬಿನ ಗುಂಡಿಗಳು. ಕಾಲರಿನ ಮೇಲೆ ಓಕ್ ಎಲೆಯ ಕಸೂತಿ. ಒಡೆಯರಾದ ಹೆರ್ ಕ್ನಾಕ್‌ಫೂಸ್ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತು, ತಮ್ಮ ಉಡುಪು ಇನ್ನೊಬ್ಬರ ಮೈಯೇರುವುದನ್ನು ಮಗಳ ಮದುವೆ ನೋಡುವ ಗಾಂಭೀರ್ಯದಿಂದ ನೋಡುತ್ತಿದ್ದರು. ಜಿಲ್ಲಾ ಬೇಟೆಗಾರರ ಸಂಘದಲ್ಲಿ ಮೂವತ್ತು ವರ್ಷ ಖಜಾಂಚಿಯಾಗಿದ್ದ ಅವರು ಈ ಸೂಟನ್ನು ವರ್ಷಕ್ಕೊಮ್ಮೆ, ಸಂಘದ ಔತಣದ ದಿನ ಮಾತ್ರ ತೊಡುತ್ತಿದ್ದರು.

"ಹನ್ನೆರಡು ವರ್ಷದಿಂದ ಸ್ವೆಟರ್ ಹಾಕ್ಕೊಂಡು ಸಂದರ್ಶನಕ್ಕೆ ಹೋದ್ರಿ," ಎಂದರು ಅವರು. "ಸಿಕ್ಕಿದ್ದೇನು? ಒಂದು ವರ್ಷದ್ದು, ಎರಡು ವರ್ಷದ್ದು, ಒಂದ್ಸಲ ಏಳು ತಿಂಗಳದ್ದು. ಸ್ವೆಟರಿಗೆ ಅಷ್ಟೇ ಕೊಡೋದು, ಪ್ರೀಬುಸ್ ಅವರೇ. ಕಾಯಂ ಕೆಲಸ ಬೇಕಾದ್ರೆ ಕಾಯಂ ಆದವನ ಹಾಗೆ ಕಾಣ್ಬೇಕು."

"ಮರದ ಹಾಗೆ ಕಾಣ್ತಿದಾರೆ," ಎಂದಳು ಪ್ರೀಬುಸ್‌ನ ಹೆಂಡತಿ ಗೇಸಾ, ಕಾಫಿ ಸುರಿಯುತ್ತ.

ಅವಳ ಮಾತಿನಲ್ಲಿ ಸತ್ಯವಿತ್ತು. ಆದರೆ ಕ್ನಾಕ್‌ಫೂಸ್ ಅವರ ಮಾತಿನಲ್ಲಿ ಭರವಸೆಯಿತ್ತು, ಪ್ರೀಬುಸ್‌ಗೆ ಆ ಹೊತ್ತಿಗೆ ಬೇಕಾಗಿದ್ದುದು ಅದೇ. ಅವನು ಜವುಗು ನೆಲದ ಪಾಚಿಯನ್ನು ಅಧ್ಯಯನ ಮಾಡುವ ವಿಜ್ಞಾನಿ. ಜರ್ಮನಿಯಲ್ಲಿ ಅವನಂಥವರನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳಲು ಕಾನೂನು ಹಾಕಿರುವ ಮಿತಿ ಒಟ್ಟು ಹನ್ನೆರಡು ವರ್ಷ. ಅದು ಮುಗಿಯುವುದರೊಳಗೆ ಕಾಯಂ ಆಗಬೇಕು, ಇಲ್ಲವೇ ವಿಜ್ಞಾನಕ್ಕೆ ನಮಸ್ಕಾರ ಹಾಕಿ ಹೊರಡಬೇಕು. ವಿಜ್ಞಾನಿಗಳನ್ನು ಕಾಪಾಡಲೆಂದೇ ಮಾಡಿದ ಕಾನೂನು ಇದು. ಪ್ರೀಬುಸ್‌ನ ಹನ್ನೆರಡು ವರ್ಷ ಡಿಸೆಂಬರ್ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ದೇಶದಲ್ಲಿ ಆ ವರ್ಷ ಪಾಚಿ ಬಲ್ಲವರಿಗೆ ಹೊರಟಿದ್ದ ಕಾಯಂ ಹುದ್ದೆ ಒಂದೇ ಒಂದು; ಅದರ ಸಂದರ್ಶನ ಆ ದಿನ ಹತ್ತು ಗಂಟೆಗೆ ಗ್ರ್ಯೂನೆನ್‌ಬ್ರೂಖ್ ಹಳ್ಳಿಯ ಉತ್ತರ ಜವುಗು ಸಂಶೋಧನಾ ಸಂಸ್ಥೆಯಲ್ಲಿ ಶುರುವಾಗುವುದಿತ್ತು. ಅವನ ಸರದಿ ಹನ್ನೊಂದೂವರೆಗೆ.

ಹನ್ನೊಂದೂವರೆಯ ಕೆಲಸಕ್ಕೆ ಪ್ರೀಬುಸ್ ಒಂಬತ್ತೂವರೆಗೆ ತಲುಪಿದ. ಅವನ ಊರಿನವರು ಇದನ್ನು ಬೇಗ ಎನ್ನುವುದಿಲ್ಲ, ನಿಶ್ಚಿಂತೆ ಎನ್ನುತ್ತಾರೆ.

ಇಲ್ಲಿ ಒಂದು ವಿಷಯ ಹೇಳಬೇಕು. ಜವುಗು ಸಂಸ್ಥೆಯಲ್ಲಿ ಎಪ್ಪತ್ತು ಜನ ವಿಜ್ಞಾನಿಗಳಿದ್ದರು, ಅವರಲ್ಲಿ ಒಬ್ಬರೂ ಸೂಟು ತೊಟ್ಟವರಲ್ಲ. ಸ್ವತಃ ನಿರ್ದೇಶಕಿಯೇ ಮೊಣಕೈ ಹರಿದ ಸ್ವೆಟರಿನಲ್ಲಿ ಓಡಾಡುತ್ತಿದ್ದರು. ಆ ಕಟ್ಟಡದೊಳಗೆ ಸೂಟು ತೊಟ್ಟು ಬರುವವರು ಹೊರಗಿನ ಆಡಳಿತದವರು; ಅದರಲ್ಲೂ ಹಸಿರು ಉಣ್ಣೆ, ಕೊಂಬಿನ ಗುಂಡಿ ಎಂದರೆ ರಾಜ್ಯದ ಕೃಷಿ ಮತ್ತು ಅರಣ್ಯ ಮಂತ್ರಾಲಯ. ಸಂಸ್ಥೆಗೆ ದುಡ್ಡು ಕೊಡುತ್ತಿದ್ದುದು ಆ ಮಂತ್ರಾಲಯ. ಯಾವ ಸಂದರ್ಶನಕ್ಕೆ ಬೇಕಾದರೂ, ಮುಂಚಿತವಾಗಿ ತಿಳಿಸದೆ, ಒಬ್ಬ ವೀಕ್ಷಕರನ್ನು ಕಳಿಸುವ ಹಕ್ಕು ಅದಕ್ಕಿತ್ತು. ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಕಳಿಸಿರಲಿಲ್ಲ. ಆದರೂ ಪ್ರತಿ ಸಲ ಮೇಜಿನ ತುದಿಯಲ್ಲಿ ಅವರಿಗಾಗಿ ಒಂದು ಆರನೆಯ ಕುರ್ಚಿ ಹಾಕಿಡುತ್ತಿದ್ದರು.

ಸಿಬ್ಬಂದಿ ವಿಭಾಗದ ಮುಖ್ಯಸ್ಥ ಹೆರ್ ಬೋರ್ಕ್, ನಿಯಮಗಳ ದಪ್ಪ ಪುಸ್ತಕವನ್ನು ಎದೆಗೊತ್ತಿಕೊಂಡು ಪಡಸಾಲೆಯಲ್ಲಿ ಬರುತ್ತಿದ್ದವರು, ಬೆಂಚಿನ ಮೇಲೆ ಹಸಿರು ಸೂಟು ಕಂಡು ಗಕ್ಕನೆ ನಿಂತರು.

"ನೀವು... ಸಂದರ್ಶನಕ್ಕೇ ಬಂದಿರೋದಾ?"

"ಹೌದು. ಸ್ವಲ್ಪ ಬೇಗ ಬಂದೆ," ಎಂದ ಪ್ರೀಬುಸ್.

"ಬೇಗ ಬಂದದ್ದೇ ಒಳ್ಳೇದಾಯ್ತು. ಹೊರಗೆ ಯಾಕೆ ಕೂತಿದೀರಿ? ಬನ್ನಿ, ಒಳಗೆ ಬನ್ನಿ. ಕಾಫಿ ಇದೆ, ಬಿಸ್ಕತ್ತಿದೆ."

ಬೋರ್ಕ್ ಹೆಸರು ಕೇಳಲಿಲ್ಲ. ವೀಕ್ಷಕರನ್ನು ನೀವು ಯಾರು ಎಂದು ಕೇಳಿದರೆ, ನೀವು ಯಾಕೆ ಬಂದಿರಿ ಎಂದು ಕೇಳಿದಂತಾಗುತ್ತದೆ ಎಂಬುದು ಅವರ ನಂಬಿಕೆ. ಪ್ರೀಬುಸ್ ಕೂಡ ಹೇಳಲಿಲ್ಲ. ಹನ್ನೆರಡು ವರ್ಷಗಳಲ್ಲಿ ಯಾವ ಸಂದರ್ಶನದಲ್ಲೂ ಅವನಿಗೆ ಮೊದಲೇ ಬಿಸ್ಕತ್ತು ಕೊಟ್ಟಿರಲಿಲ್ಲ. ಸೂಟಿನ ಮಹಿಮೆ ಎಂದುಕೊಂಡ.

ಮಂಡಳಿಯಲ್ಲಿ ಬೋರ್ಕ್ ಸೇರಿ ಐವರಿದ್ದರು. ನಿರ್ದೇಶಕಿ ಫ್ರೌ ಟೀಡೆಮಾನ್ ಆರನೆಯ ಕುರ್ಚಿ ತೋರಿಸಿ, ಕೈ ಕುಲುಕಿ, ಬೋರ್ಕ್ ಕಿವಿಯಲ್ಲಿ "ಮಂತ್ರಾಲಯಾನಾ?" ಎಂದರು. ಬೋರ್ಕ್ ಕಣ್ಣು ಮುಚ್ಚಿ ತೆರೆದರು. ನೌಕರರ ಮಂಡಳಿಯ ಪ್ರತಿನಿಧಿ ಫ್ರೌ ಮುಷಾಲ್, ಯಾವ ಆಡಳಿತಕ್ಕೂ ಹೆದರದ ಗಟ್ಟಿ ಹೆಂಗಸು, ಹೊಸಬನನ್ನು ಮೇಲಿಂದ ಕೆಳಗೆ ನೋಡಿ ಬಿಸ್ಕತ್ತಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಉಳಿದ ಇಬ್ಬರಲ್ಲಿ ಒಬ್ಬರು ಸಮಾನತೆಯ ಅಧಿಕಾರಿ, ಇನ್ನೊಬ್ಬರು ಹೊರಗಿನ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಅವರ ಕೆಲಸ ಸುಮ್ಮನೆ ಕೂತು ಎಲ್ಲವೂ ಕ್ರಮಬದ್ಧವಾಗಿದೆಯೇ ನೋಡುವುದು. ಜರ್ಮನಿಯ ಸಂದರ್ಶನ ಮಂಡಳಿಯಲ್ಲಿ ಮಾತನಾಡುವವರಿಗಿಂತ ಸುಮ್ಮನಿರುವವರೇ ಹೆಚ್ಚು. ಆದ್ದರಿಂದ ಸುಮ್ಮನಿರುವ ಇನ್ನೊಬ್ಬ ಬಂದದ್ದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಪ್ರೀಬುಸ್‌ಗೆ ಮಾತ್ರ ಸ್ವಲ್ಪ ವಿಚಿತ್ರವೆನಿಸಿತು. ಆದರೆ ಈಗೀಗ ಎಲ್ಲರನ್ನೂ ದುಂಡು ಮೇಜಿನ ಸುತ್ತ ಸಮಾನರಾಗಿ ಕೂಡಿಸುವ ಹೊಸ ಪದ್ಧತಿ ಬಂದಿದೆ ಎಂದು ಎಲ್ಲೋ ಓದಿದ್ದ. ಮೇಜು ದುಂಡಾಗಿರಲಿಲ್ಲ ಎಂಬುದನ್ನು ಅವನು ಗಮನಿಸಿದ. ಅಷ್ಟಕ್ಕೆ ತೀರ್ಮಾನ ಬದಲಿಸುವುದು ಅವಸರವಾದೀತು ಎಂದು ಸುಮ್ಮನಾದ.

ಹತ್ತಕ್ಕೆ ಮೊದಲ ಅಭ್ಯರ್ಥಿ ಇನೆಸ್ ಹಾಲ್‌ಬೌವರ್ ಒಳಗೆ ಬಂದಳು. ಅವಳು ಮೇಜಿನ ಎದುರು ನಿಂತಳು. ಪ್ರೀಬುಸ್ ಮೇಜಿನ ಹಿಂದೆ ಕುಳಿತಿದ್ದ. ಆಗ ಅವನಿಗೆ ಎಲ್ಲ ಅರ್ಥವಾಯಿತು.

ಅವನು ಬೆರಳೆತ್ತಿದ.

"ಪ್ರಶ್ನೆಗಳು ಭಾಷಣ ಮುಗಿದ ಮೇಲೆ," ಎಂದರು ಫ್ರೌ ಟೀಡೆಮಾನ್ ಅತ್ಯಂತ ಗೌರವದಿಂದ.

ಭಾಷಣದ ನಡುವೆ ಎದ್ದು ಹೋಗುವುದು ಆ ನಾಡಿನಲ್ಲಿ ಶವಸಂಸ್ಕಾರದ ನಡುವೆ ಸೀಟಿ ಹೊಡೆದಂತೆ. ಪ್ರೀಬುಸ್ ಬೆರಳು ಇಳಿಸಿದ. ಇನೆಸ್ ಕೈಯ ಕಾಗದಗಳಿಂದ ಕಣ್ಣೆತ್ತದೆ ಮಾತನಾಡುತ್ತಿದ್ದಳು. ಜವುಗಿನಿಂದ ಏಳುವ ಅನಿಲವನ್ನು ಅವಳು ಮೂರು ವರ್ಷ ಅಳೆದಿದ್ದಳು. ಗೋಡೆಯ ಮೇಲಿನ ನಕ್ಷೆಯಲ್ಲಿ ಮೊದಲ ವರ್ಷವಿತ್ತು, ಮೂರನೆಯ ವರ್ಷವಿತ್ತು.

ಭಾಷಣ ಮುಗಿಯಿತು. ಯಾರೂ ಏನೂ ಕೇಳಲಿಲ್ಲ. ಇನೆಸ್‌ಳ ಮುಖ ಸುಣ್ಣದಂತಾಗಿತ್ತು.

"ತುದಿಯಲ್ಲಿರುವವರು ಏನೋ ಕೇಳಬೇಕು ಅಂತಿದ್ರು," ಎಂದು ನಿರ್ದೇಶಕಿ ನೆನಪಿಸಿದರು.

ನಾನು ಮಂಡಳಿಯವನಲ್ಲ ಎಂದು ಹೇಳಲು ಪ್ರೀಬುಸ್ ಬಾಯಿ ತೆರೆದ. ಆದರೆ ಅವನ ಕಣ್ಣು ನಕ್ಷೆಯ ಮೇಲಿತ್ತು, ಹನ್ನೆರಡು ವರ್ಷದ ಅಭ್ಯಾಸ ಬಾಯಿಗಿಂತ ಮುಂದಿತ್ತು. "ಎರಡನೇ ವರ್ಷ ಎಲ್ಲಿ?" ಎಂದುಬಿಟ್ಟ.

ಇನೆಸ್ ನಕ್ಷೆಯ ಕಡೆ ತಿರುಗಿ ನೋಡಿದಳು. ಆಮೇಲೆ ತಗ್ಗಿದ ದನಿಯಲ್ಲಿ, "ಕಾಡುಹಂದಿ," ಎಂದಳು.

"ಏನಂದ್ರಿ?"

"ಕಾಡುಹಂದಿ, ಸಾರ್. ನನ್ನ ಅಳತೆ ಪೆಟ್ಟಿಗೆಗಳೆಲ್ಲ ಅದಕ್ಕೆ ಬೆನ್ನು ತುರಿಸ್ಕೊಳ್ಳೋಕೆ ಸರಿಯಾದ ಎತ್ತರದಲ್ಲಿದ್ವು. ಬೇಲಿ ಹಾಕಿದೆ. ಬೇಲಿನೂ ಸರಿಯಾದ ಎತ್ತರದಲ್ಲೇ ಇತ್ತು."

"ನನ್ನವನ್ನ ಕೊಕ್ಕರೆ ತಿಂತು," ಎಂದ ಪ್ರೀಬುಸ್ ಹೃದಯ ತುಂಬಿ. "ನೀರು ಅಳೆಯೋ ಕೊಳವೆ, ಮುಚ್ಚಳ ನೀಲಿ ಬಣ್ಣದ್ದು. ಹಣ್ಣು ಅಂದ್ಕೊಂಡಿರ್ಬೇಕು. ಆಮೇಲೆ ಏನ್ಮಾಡಿದ್ರಿ?"

ಮಂತ್ರಾಲಯದವರ ಕೊಳವೆಯನ್ನು ಕೊಕ್ಕರೆ ಯಾಕೆ ತಿಂದಿತೆಂದು ಯಾರಿಗೂ ತಿಳಿಯಲಿಲ್ಲ, ಆದರೆ ಮಂತ್ರಾಲಯದಲ್ಲಿ ಏನು ಬೇಕಾದರೂ ಆಗಬಹುದೆಂದು ಎಲ್ಲರೂ ಬಲ್ಲರು. ಇನೆಸ್ ಕಾಗದಗಳನ್ನು ಕೆಳಗಿಟ್ಟು, ಹಂದಿ ಹೊರಳಿದ ಹೊಂಡದಲ್ಲಿ ಅನಿಲ ಹೇಗೆ ಏರಿತು ಎಂಬುದನ್ನು ಕೈಯಾಡಿಸಿ ವಿವರಿಸತೊಡಗಿದಳು. ಅದು ಅವಳ ಇಡೀ ಭಾಷಣಕ್ಕಿಂತ ಚೆನ್ನಾಗಿತ್ತು. ಫ್ರೌ ಮುಷಾಲ್ ಬಿಸ್ಕತ್ತಿನ ತಟ್ಟೆಯನ್ನು ಒಂದು ಗೇಣು ಪ್ರೀಬುಸ್ ಕಡೆಗೆ ತಳ್ಳಿದಳು.

ಎರಡನೆಯ ಅಭ್ಯರ್ಥಿ ಟಿಲ್ಮಾನ್ ರೋಡೆ ಮೂವತ್ತೆರಡರ ಚುರುಕು ಹುಡುಗ. ಇನೆಸ್ ಹೊರಹೋಗುತ್ತಿದ್ದಂತೆ ಅವನು ಒಳಗೆ ಬಂದಾಗಿತ್ತು, ಪ್ರೀಬುಸ್‌ಗೆ ಬೆರಳೆತ್ತಲೂ ಬಿಡುವಿರಲಿಲ್ಲ. ಯೂರೋಪಿನ ಉತ್ತರದ ಜವುಗುಗಳನ್ನೆಲ್ಲ ಕಂಪ್ಯೂಟರಿನೊಳಗೆ ಕೂಡಿಹಾಕಿದ್ದ ಟಿಲ್ಮಾನ್, ಜವುಗುಗಳು ಕಾದಾಟದಲ್ಲಿ ಸೋತ ಶತ್ರುಗಳೆಂಬಂತೆ ಮಾತನಾಡಿದ. ಪ್ರಾಧ್ಯಾಪಕರು ನಿದ್ದೆಹೋದರು. ಕೊನೆಗೆ ಎಲ್ಲರೂ ಆರನೆಯ ಕುರ್ಚಿಯ ಕಡೆ ತಿರುಗಿದರು.

"ಇಷ್ಟರಲ್ಲಿ ನಿಮಗೆ ಇಷ್ಟವಾದ ಜವುಗು ಯಾವುದು?" ಎಂದು ಕೇಳಿದ ಪ್ರೀಬುಸ್. ಬೇರೆ ಏನೂ ಹೊಳೆಯದೆ ಕೇಳಿದ್ದು.

ಟಿಲ್ಮಾನ್‌ನ ಭುಜಗಳು ಕೆಳಗಿಳಿದವು. "ಅಜ್ಜನ ಮನೆ ಹಿಂದಿಂದು," ಎಂದ. "ಚಿಕ್ಕದು. ಚಿಕ್ಕಂದಿನಲ್ಲಿ ಅಲ್ಲಿ ಕೆಂಪು ಹಣ್ಣು ಆಯ್ತಿದ್ವಿ. ನಿಜ ಹೇಳ್ಬೇಕಂದ್ರೆ, ಸಾರ್, ನನ್ನ ಲೆಕ್ಕ ಎಲ್ಲಾ ಕಡೆ ಸರಿ ಬರುತ್ತೆ, ಅಲ್ಲಿ ಮಾತ್ರ ತಪ್ಪುತ್ತೆ. ನಾಲ್ಕು ವರ್ಷದಿಂದ ಯಾಕೇಂತ ಗೊತ್ತಾಗ್ತಿಲ್ಲ. ಯಾರ ಹತ್ರಾನೂ ಹೇಳಿಲ್ಲ."

"ಈಗ ಹೇಳಿದ್ರಲ್ಲ," ಎಂದಳು ಫ್ರೌ ಮುಷಾಲ್. ತಟ್ಟೆ ಪ್ರೀಬುಸ್ ಮುಂದೆಯೇ ಬಂದು ನಿಂತಿತು.

ಟಿಲ್ಮಾನ್ ಹೋದ ಮೇಲೆ ಬೋರ್ಕ್ ಗಡಿಯಾರ ನೋಡಿದರು. "ಹನ್ನೊಂದೂವರೆ. ಮೂರನೆಯವರು ಡಾಕ್ಟರ್ ಎಕಾರ್ಟ್ ಪ್ರೀಬುಸ್." ಬಾಗಿಲು ತೆರೆದು ನೋಡಿದರು. ಪಡಸಾಲೆ ಖಾಲಿ. "ಬಂದಿಲ್ಲ."

ಸಂದರ್ಶನಕ್ಕೆ ತಡ ಮಾಡಿದವನ ಬಗ್ಗೆ ಜರ್ಮನರು ಹಠಾತ್ತಾಗಿ ಏನನ್ನೂ ಹೇಳುವುದಿಲ್ಲ. ಎರಡು ನಿಮಿಷ ಕಾಯುತ್ತಾರೆ, ಆಮೇಲೆ ಹೇಳುತ್ತಾರೆ.

"ಇಂಥವರು ನೀರಿನ ಮಟ್ಟ ಯಾವ ಹೊತ್ತಿಗೆ ಅಳೀತಾರೋ," ಎಂದರು ಪ್ರಾಧ್ಯಾಪಕರು, ಎಚ್ಚರಗೊಂಡು.

"ಮನೇಲಿ ತಾಯಿಗೆ ಹುಷಾರಿಲ್ಲದೆ ಇರಬಹುದು," ಎಂದರು ಸಮಾನತೆಯ ಅಧಿಕಾರಿ.

"ಮಂತ್ರಾಲಯಕ್ಕೆ ಏನನ್ಸುತ್ತೆ?" ಎಂದು ನಿರ್ದೇಶಕಿ ತಿರುಗಿದರು.

ಪ್ರೀಬುಸ್ ಕೈಯ ಬಿಸ್ಕತ್ತು ಕೆಳಗಿಟ್ಟ. "ನನಗನ್ಸುತ್ತೆ, ಅವರು ಬಂದಿದಾರೆ."

"ಎಲ್ಲಿ?"

"ಇಲ್ಲೇ."

"ನೋಡಿ, ಎಷ್ಟು ಉದಾರ ಮನಸ್ಸು," ಎಂದರು ಫ್ರೌ ಟೀಡೆಮಾನ್. "ಕಟ್ಟಡದಲ್ಲೇ ಎಲ್ಲೋ ದಾರಿ ತಪ್ಪಿರಬಹುದು ಅಂತಿದಾರೆ. ಮುಷಾಲ್, ಶೌಚಾಲಯದ ಕಡೆ ಒಂದ್ಸಲ ನೋಡಿ ಬರ್ತೀರಾ? ಬೋರ್ಕ್, ಮನೆಗೊಂದು ಫೋನ್ ಮಾಡಿ."

"ಇಲ್ಲ, ನಾನು ಹೇಳಿದ್ದು..." ಎಂದ ಪ್ರೀಬುಸ್. ಅಷ್ಟರಲ್ಲಿ ಬೋರ್ಕ್ ಮೇಜಿನ ನಡುವಿನ ಫೋನಿನಲ್ಲಿ ನಂಬರು ಒತ್ತಿದ್ದರು. ಎಲ್ಲರಿಗೂ ಕೇಳಿಸುವಂತೆ ಅದು ಕೂಗತೊಡಗಿತು. ಸಂದರ್ಶನದ ಕರೆಗಳು ಎಲ್ಲರ ಎದುರಿಗೇ ಆಗಬೇಕೆಂಬುದು ನಿಯಮ.

"ಹಲೋ, ಪ್ರೀಬುಸ್ ಮನೆ," ಎಂದಳು ಗೇಸಾ.

"ಜವುಗು ಸಂಸ್ಥೆಯಿಂದ ಬೋರ್ಕ್ ಮಾತಾಡ್ತಿದೀನಿ. ಯಜಮಾನರು ಇನ್ನೂ ಬಂದಿಲ್ಲ."

"ಬಂದಿಲ್ವಾ? ಆರಕ್ಕೇ ಹೊರಟ್ರಲ್ರೀ." ಒಂದು ನಿಟ್ಟುಸಿರು ಕೇಳಿಸಿತು. "ಬೇರೆ ರೈಲು ಹತ್ತಿರ್ತಾರೆ. ಮದುವೆ ದಿನಾನೂ ಬೇರೆ ಚರ್ಚಿಗೆ ಹೋಗಿ, ಅಲ್ಲಿ ಮೊದಲನೇ ಸಾಲಲ್ಲಿ ಕೂತಿದ್ರು. ಎದ್ದು ಬರೋಕೆ ಸಂಕೋಚ ಅಂತ ಪೂಜೆ ಮುಗಿಯೋವರೆಗೂ ಕೂತಿದ್ರು."

"ಸೂಟು ಹೋಯ್ತಾ?" ಹಿಂದಿನಿಂದ ಮುದುಕರೊಬ್ಬರ ದನಿ.

"ಸ್ವಲ್ಪ ಸುಮ್ನಿರಿ, ಕ್ನಾಕ್‌ಫೂಸ್ ಅವರೇ."

"ಗುರುತು ಹೇಳಮ್ಮ, ಪೊಲೀಸರಿಗೆ ಬೇಕಾಗುತ್ತೆ. ಮನುಷ್ಯನ ಗುರುತು ಬೇಡ, ಅಂಥವರು ಬೇಕಾದಷ್ಟು ಸಿಗ್ತಾರೆ. ಸೂಟಿಂದು ಹೇಳು. ಕಡು ಹಸಿರು. ಜಿಂಕೆ ಕೊಂಬಿನ ಗುಂಡಿ. ಕಾಲರ್ ಮೇಲೆ ಓಕ್ ಎಲೆ, ಎಡಗಡೆ ಮೂರು, ಬಲಗಡೆ ಎರಡು, ಅಲ್ಲಿ ದಾರ ಮುಗಿದುಹೋಗಿತ್ತು."

ಮೇಜಿನ ಸುತ್ತ ಕುಳಿತವರು ನಿಧಾನವಾಗಿ ತಲೆ ತಿರುಗಿಸಿದರು. ಎಡಗಡೆ ಮೂರು. ಬಲಗಡೆ ಎರಡು. ಪ್ರಾಧ್ಯಾಪಕರು ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಎಣಿಸಿದರು.

ಪ್ರೀಬುಸ್ ಫೋನಿನತ್ತ ಬಾಗಿದ. "ಗೇಸಾ, ನಾನು ಬಂದಿದೀನಿ."

"ಎಲ್ಲಿದೀರಿ?"

"ಮೇಜಿನ ಆಚೆ ಕಡೆ."

"ಗೊತ್ತಿತ್ತು," ಎಂದು ಗೇಸಾ ಫೋನಿಟ್ಟಳು.

ಶೌಚಾಲಯದಿಂದ ಮರಳಿದ ಫ್ರೌ ಮುಷಾಲ್ ಬಾಗಿಲಲ್ಲಿ ನಿಂತು, "ಅಲ್ಲೆಲ್ಲೂ ಇಲ್ಲ," ಎಂದಳು. ಎಲ್ಲರ ಮುಖ ನೋಡಿ, "ಏನಾಯ್ತು, ಯಾರಾದ್ರೂ ಸತ್ರಾ?" ಎಂದು ಕೇಳಿದಳು.

ಬೋರ್ಕ್ ನಿಯಮದ ಪುಸ್ತಕ ತೆರೆದು ಓದತೊಡಗಿದರು. ಅವರ ಮುಖ ಪುಟದಿಂದ ಪುಟಕ್ಕೆ ಬಿಳಿಚುತ್ತ ಹೋಯಿತು. ಒಬ್ಬ ಅಭ್ಯರ್ಥಿ ಉಳಿದವರ ಸಂದರ್ಶನ ಕೇಳಿದರೆ ಎಲ್ಲರಿಗೂ ಸಮಾನ ಅವಕಾಶ ಸಿಕ್ಕಂತಾಗುವುದಿಲ್ಲ; ಸಮಾನ ಅವಕಾಶವಿಲ್ಲದಿದ್ದರೆ ಸಂದರ್ಶನವೇ ರದ್ದು. ಮಂಡಳಿ ಮತ್ತೆ ಸೇರುವುದು ಜನವರಿಯಲ್ಲಿ. ಹುದ್ದೆಗೆ ಮಂಜೂರಾದ ಹಣ ಡಿಸೆಂಬರಿಗೆ ವಾಪಸು.

"ಹಾಗಾದ್ರೆ ಹುದ್ದೆಯೇ ಹೋಯ್ತು," ಎಂದರು ಫ್ರೌ ಟೀಡೆಮಾನ್. "ಆರು ವರ್ಷ ಬೇಡಿ ತಂದ ಹುದ್ದೆ. ಪ್ರೀಬುಸ್, ನೀವು ಯಾಕ್ರೀ ಹೇಳ್ಲಿಲ್ಲ?"

"ಬೆರಳೆತ್ತಿದ್ದೆ," ಎಂದ ಪ್ರೀಬುಸ್ ಕುಗ್ಗಿದ ದನಿಯಲ್ಲಿ. "ನನ್ನನ್ನ ತೆಗೆದುಹಾಕಿ. ಅವರಿಬ್ಬರಲ್ಲಿ ಒಬ್ಬರಿಗೆ ಕೊಡಿ. ನಾನು ಬರಲೇ ಇಲ್ಲ ಅಂತ ಬರ್ಕೊಳ್ಳಿ."

"ಬಂದಿದೀರಲ್ಲ. ಬಂದವರನ್ನ ಬಂದಿಲ್ಲ ಅಂತ ಬರೆಯೋಕಾಗುತ್ತಾ?" ಬೋರ್ಕ್‌ರಿಗೆ ನಿಜಕ್ಕೂ ನೋವಾಯಿತು.

ಆಗ ಫ್ರೌ ಮುಷಾಲ್ ಬಾಗಿಲಿಗೆ ಒರಗಿಕೊಂಡೇ, "ಇವರೊಬ್ಬರು ಕೇಳಿದ್ದು ಅಸಮಾನ ತಾನೇ?" ಎಂದಳು. "ಉಳಿದವರೂ ಕೇಳ್ಲಿ. ಎಲ್ಲರೂ ಎಲ್ಲರದ್ದೂ ಕೇಳಿದ್ರೆ ಸಮಾನ ಆಯ್ತಲ್ಲ. ನಿಮ್ಮ ಪುಸ್ತಕದಲ್ಲಿ ಅದು ಬೇಡ ಅಂತ ಎಲ್ಲಾದ್ರೂ ಇದೆಯಾ, ಬೋರ್ಕ್?"

ಬೋರ್ಕ್ ಹುಡುಕಿದರು. ವಿಷಯಸೂಚಿಯಲ್ಲಿ ಹುಡುಕಿದರು, ಅಡಿಟಿಪ್ಪಣಿಗಳಲ್ಲಿ ಹುಡುಕಿದರು. ಇರಲಿಲ್ಲ. ಇಂಥದ್ದು ಮಾಡಬಹುದೆಂದು ನಿಯಮ ಬರೆದವರಿಗೆ ಹೊಳೆದೇ ಇರಲಿಲ್ಲ.

ಇನೆಸ್ ಮತ್ತು ಟಿಲ್ಮಾನ್ ಹಳ್ಳಿಯ ಬಸ್ ನಿಲ್ದಾಣದಲ್ಲಿ ಸಿಕ್ಕರು. ಗ್ರ್ಯೂನೆನ್‌ಬ್ರೂಖ್‌ಗೆ ಎರಡು ಗಂಟೆಗೊಂದು ಬಸ್ಸು. ಪ್ರತಿಸ್ಪರ್ಧಿಗಳು ಒಂದೇ ಬೆಂಚಿನಲ್ಲಿ ಕೂತು ಒಂದೇ ಬ್ರೆಡ್ಡನ್ನು ಹಂಚಿಕೊಳ್ಳುತ್ತಿದ್ದರು. ಅವರಿಗೆ ವಿಷಯ ತಿಳಿಸಲು ಹೋದ ಫ್ರೌ ಮುಷಾಲ್‌ಗೆ, ಮೊದಲು ತನ್ನ ನಗು ನಿಲ್ಲುವವರೆಗೆ ಕಾಯಬೇಕಾಯಿತು.

ಸಮಾನತೆಯನ್ನು ಸ್ಥಾಪಿಸುವ ಕೆಲಸ ಶುರುವಾಯಿತು. ಮೊದಲು ಪ್ರೀಬುಸ್ ಎದುರು ನಿಂತು ತನ್ನ ಪಾಚಿಯ ಬಗ್ಗೆ ಮಾತನಾಡಿದ. ಇನೆಸ್ ಮತ್ತು ಟಿಲ್ಮಾನ್ ಮೇಜಿನ ಹಿಂದೆ ಕುಳಿತು ಕೇಳಿದರು. ಅವರಿಗೆ ಬಿಸ್ಕತ್ತು ಸಿಕ್ಕಿಲ್ಲವೆಂದು ಸಮಾನತೆಯ ಅಧಿಕಾರಿ ಆಕ್ಷೇಪಿಸಿದರು. ಬಿಸ್ಕತ್ತು ತರಿಸಲಾಯಿತು. ಆಮೇಲೆ ಇನೆಸ್ ಮತ್ತೆ ಮಾತನಾಡಿದಳು, ಟಿಲ್ಮಾನ್ ಕೇಳಲೆಂದು. ಟಿಲ್ಮಾನ್ ಮತ್ತೆ ಮಾತನಾಡಿದ, ಇನೆಸ್ ಕೇಳಲೆಂದು. ಅವನ ಲೆಕ್ಕ ತಪ್ಪುವ ಜವುಗಿನ ನಕ್ಷೆ ಬಂದಾಗ ಇನೆಸ್ ಎದ್ದು ನಿಂತಳು.

"ತಡೀರಿ. ನೀವು ನೆಲದ ಎತ್ತರ ಎಷ್ಟು ಹಿಡಿದಿದೀರಿ?"

"ನೆಲದ ಎತ್ತರ ಅಂದ್ರೆ ನೆಲದ ಎತ್ತರ. ಒಂದೇ."

"ಒಂದೇ ಇರೋಲ್ಲ," ಎಂದ ಪ್ರೀಬುಸ್ ಬಿಸ್ಕತ್ತು ನುಂಗಿ. "ಹಸಿ ಜವುಗು ಉಸಿರಾಡುತ್ತೆ. ನೀರು ಏರಿದ್ರೆ ನೆಲಾನೂ ಏರುತ್ತೆ. ನಿಮ್ಮಜ್ಜನ ಜವುಗು ಸತ್ತಿಲ್ಲ ಕಣಯ್ಯಾ. ಉಳಿದವೆಲ್ಲ ಒಣಗಿವೆ, ಅದಕ್ಕೆ ಲೆಕ್ಕ ಸರಿ ಬರ್ತಿದೆ."

ಟಿಲ್ಮಾನ್ ನಕ್ಷೆಯನ್ನೇ ನೋಡುತ್ತ ನಿಂತ. "ಸತ್ತಿಲ್ಲ," ಎಂದ ಮೆಲ್ಲಗೆ. ಆಮೇಲೆ ಮೂವರೂ ಒಟ್ಟಿಗೆ ಮಾತನಾಡತೊಡಗಿದರು. ಒಬ್ಬರ ಸೀಮೆಸುಣ್ಣ ಇನ್ನೊಬ್ಬರು ಕಿತ್ತುಕೊಂಡರು. ನಿರ್ದೇಶಕಿ ಕುರ್ಚಿ ಎಳೆದುಕೊಂಡು ಹಲಗೆಯ ಹತ್ತಿರ ಹೋದರು. ಪ್ರಾಧ್ಯಾಪಕರು ಅಂದು ಮೊದಲ ಬಾರಿ ಪೂರ್ತಿ ಎಚ್ಚರವಾಗಿದ್ದರು. ಯಾರು ಅಭ್ಯರ್ಥಿ, ಯಾರು ಮಂಡಳಿ ಎಂದು ಬೋರ್ಕ್ ಎರಡು ಸಲ ಬರೆದುಕೊಂಡು ಎರಡು ಸಲ ಹೊಡೆದುಹಾಕಿದರು.

ಸಂಜೆ ನಾಲ್ಕಾದಾಗ ಫ್ರೌ ಮುಷಾಲ್ ಮೇಜು ಗುದ್ದಿದಳು. "ಎಲ್ಲರಿಗೂ ಒಂದೇ ಕೊನೇ ಪ್ರಶ್ನೆ ಕೇಳ್ಬೇಕು, ಅದೂ ನಿಯಮ. ನಾನು ಕೇಳ್ತೀನಿ. ಈ ಕೆಲಸ ನಿಮಗೆ ಸಿಗದಿದ್ರೆ ಯಾರಿಗೆ ಸಿಗ್ಬೇಕು?"

"ಪ್ರೀಬುಸ್ ಅವರಿಗೆ," ಎಂದಳು ಇನೆಸ್. "ನನ್ನ ಎರಡನೇ ವರ್ಷಾನ ಮುಚ್ಚಿಡೋಕೆ ಮೂರು ವಾರ ಕಷ್ಟಪಟ್ಟಿದ್ದೆ. ಅದನ್ನೇ ಕೇಳಿ, ಅದೇ ನನ್ನ ಒಳ್ಳೇ ಕೆಲಸ ಅಂತ ತೋರಿಸಿಕೊಟ್ರು."

"ಪ್ರೀಬುಸ್," ಎಂದ ಟಿಲ್ಮಾನ್. "ನಂಗಿನ್ನೂ ಐದು ವರ್ಷ ಟೈಮಿದೆ. ಅದರಲ್ಲಿ ನಾಲ್ಕು ಇವತ್ತು ಇವರೇ ಉಳಿಸಿಕೊಟ್ರು."

ಪ್ರೀಬುಸ್ ಎದ್ದು ನಿಂತ. "ಇನೆಸ್ ಅವರಿಗೆ," ಎಂದ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅವನು ಹಂದಿ ಹೊಂಡದ ಅಂಕಿ ಅಂಶ ತನ್ನ ಪಾಚಿಯ ಅಂಕಿ ಅಂಶಕ್ಕಿಂತ ಯಾವ ಯಾವ ಐದು ಕಾರಣಕ್ಕೆ ಮೇಲು ಎಂದು ವಿವರಿಸತೊಡಗಿದ. ಹಲಗೆಯ ಮೇಲೆ ಬರೆದೂ ತೋರಿಸಿದ. ನಾಲ್ಕನೆಯ ಕಾರಣಕ್ಕೆ ಬಂದಾಗ ಇನೆಸ್ಸೇ ಅವನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದಳು.

ಮೂವರೂ ಪಡಸಾಲೆಯ ಬೆಂಚಿನ ಮೇಲೆ ಕುಳಿತರು. ಒಳಗೆ ಮಾತು ಬಹಳ ಹೊತ್ತು ನಡೆಯಲಿಲ್ಲ. ಬಾಗಿಲು ತೆರೆದು ಫ್ರೌ ಟೀಡೆಮಾನ್ ಬಂದರು, ಹಿಂದೆ ಬೋರ್ಕ್, ಹಿಂದೆ ಫ್ರೌ ಮುಷಾಲ್.

"ಇವತ್ತು ನಾನು ಯಾರಿಗೂ ಏನೂ ಹೇಳೋ ಹಾಗಿಲ್ಲ," ಎಂದರು ನಿರ್ದೇಶಕಿ. "ನೌಕರರ ಮಂಡಳಿ ಒಂದು ವಾರದೊಳಗೆ ಒಪ್ಪಬೇಕು. ಅಲ್ಲೀವರೆಗೆ ಫಲಿತಾಂಶ ಗುಟ್ಟು."

"ನಾನೂ ಏನೂ ಹೇಳೋ ಹಾಗಿಲ್ಲ," ಎಂದಳು ಫ್ರೌ ಮುಷಾಲ್, ಮುಖವಿಡೀ ನಗುತ್ತ.

"ಇನೆಸ್ ಅವರೇ, ಹಂದಿ ಹೊಂಡದ ಬಗ್ಗೆ ಎರಡು ವರ್ಷದ ಒಂದು ಯೋಜನೆ ನನ್ನ ತಲೇಲಿದೆ. ನಾಳೆ ಫೋನ್ ಮಾಡಿ. ಟಿಲ್ಮಾನ್, ನಿಮ್ಮಜ್ಜನ ಊರಿಗೆ ನಾವೆಲ್ಲ ವಸಂತದಲ್ಲಿ ಬರ್ತೀವಿ." ಆಮೇಲೆ ನಿರ್ದೇಶಕಿ ಪ್ರೀಬುಸ್ ಕಡೆ ತಿರುಗಿದರು. "ಪ್ರೀಬುಸ್, ಶೂ ಬಿಚ್ಚಿ."

"ಏನಂದ್ರಿ?"

"ತಾತ್ಕಾಲಿಕದವರಿಗೆ ಕೆಳಗೆ ಉಗ್ರಾಣದಲ್ಲಿ ರಬ್ಬರ್ ಬೂಟಿನ ರಾಶಿ ಇದೆ, ಸಿಕ್ಕಿದ್ದು ಹಾಕ್ಕೊಂಡು ಜವುಗಿಗೆ ಇಳೀತಾರೆ. ಕಾಯಂ ಆದವರಿಗೆ ಮಾತ್ರ ಅಳತೆ ಕೊಟ್ಟು ಮಾಡಿಸ್ತೀವಿ. ನಾನು ಫಲಿತಾಂಶ ಏನೂ ಹೇಳ್ತಿಲ್ಲ. ಅಳತೆ ತಗೊಳ್ತಿದೀನಿ ಅಷ್ಟೇ. ಬೋರ್ಕ್, ಅಳತೆ ತಗೋಬಾರದು ಅಂತ ಪುಸ್ತಕದಲ್ಲಿದೆಯಾ?"

ಬೋರ್ಕ್ ಪುಸ್ತಕ ತೆರೆಯಲಿಲ್ಲ. ಜೇಬಿನಿಂದ ಟೇಪು ತೆಗೆದುಕೊಟ್ಟರು.

ಪ್ರೀಬುಸ್ ಬಾಗಿ ಲೇಸು ಬಿಚ್ಚತೊಡಗಿದ. ತಪ್ಪು ತುದಿ ಎಳೆದು ಗಂಟು ಬಿಗಿಯಿತು, ಅದನ್ನು ಟಿಲ್ಮಾನ್ ಬಿಡಿಸಿಕೊಟ್ಟ. ನಿರ್ದೇಶಕಿ ಹರಿದ ಸ್ವೆಟರಿನ ತೋಳನ್ನು ಮೇಲೇರಿಸಿ, ಪಡಸಾಲೆಯ ನೆಲಕ್ಕೆ ಮೊಣಕಾಲೂರಿ, ಕಾಲುಚೀಲದ ಮೇಲೆಯೇ ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ಟೇಪನ್ನು ಎಳೆದು, ಎರಡು ಸಲ ನೋಡಿ, ಗಟ್ಟಿಯಾಗಿ ಓದಿದರು.

"ಎಡಗಾಲು, ಇಪ್ಪತ್ತೆಂಟು ಸೆಂಟಿಮೀಟರ್ ನಾಲ್ಕು ಮಿಲಿಮೀಟರ್."